ಬೀಳದ ಕೈ

ಸುಂದ್ರವ್ವ ಬಡಿದ ಮೊದಲ ರೊಟ್ಟಿಯನ್ನೂ ಕಡೆಯ ರೊಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಮೊದಲಿನದು, ಯಾವುದು ಕಡೆಯದು ಎಂದು ಹೇಳಲು ಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಹಾಗೆಯೇ ಇತ್ತು. ಮಧ್ಯಾಹ್ನ ಮೂರಕ್ಕೆ ಒಲೆ ಹೊತ್ತಿಸಿ ಕೂತರೆ ಆರರೊಳಗೆ ಎಂಬತ್ತು ರೊಟ್ಟಿ. ಕಾಂದಿವಲಿಯ ಬಿಲ್ಡಿಂಗ್ ಕೆಲಸಕ್ಕೆ ಬಂದಿದ್ದ ನಮ್ಮ ಯಾದಗಿರಿ, ಶಹಾಪುರ ಕಡೆಯ ಮಂದಿ ಸಂಜೆ ಸಿಮೆಂಟು ಹತ್ತಿದ ಕೈಯಲ್ಲೇ ಬಂದು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರದೆಲ್ಲ ಆದ ಮೇಲೆ ಉಳಿದ ಕಡೆಯ ಐದಾರು ರೊಟ್ಟಿ ಮನೆಗೆ. ಹಾಗಾಗಿ ಆಕೆಯ ಕಡೆಯ ರೊಟ್ಟಿ ತಿಂದವನು ನಾನು. ದಿನಾ ನಾನೇ.

ನಾನು ಸಾಯಬಣ್ಣ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಮಾಲಿ ಮಾಡಿದವನು. ಲಾರಿಯಿಂದ ಚೀಲ, ಪೆಟ್ಟಿಗೆ, ಕಬ್ಬಿಣದ ಪಟ್ಟಿ ಇಳಿಸುವುದು, ಏರಿಸುವುದು. ನಲವತ್ತೊಂದು ವರ್ಷ ಅದೇ ಕೆಲಸ. ಎತ್ತುವುದನ್ನು ಯಾರೂ ಕಲಿಸುವುದಿಲ್ಲ, ಅದು ಬರುತ್ತದೆ. ಹಳಬರು ನಮಗೆ ಕಲಿಸಿದ್ದು ಬಿಡದಿರುವುದನ್ನು. ನಾಲ್ಕು ಜನ ಒಂದು ಪೆಟ್ಟಿಗೆ ಹಿಡಿದಾಗ ಒಬ್ಬ ಕೈ ಬಿಟ್ಟನೆಂದರೆ ಅದು ಉಳಿದ ಮೂವರ ಕಾಲ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಮಾಡಿದ ಮೇಲೆ, ಮೇಲಿನಿಂದ ಏನಾದರೂ ಒತ್ತಿತೋ, ತೋಳು ತಾನಾಗಿ ಬಿಗಿಯುತ್ತದೆ. ನಮ್ಮನ್ನು ಕೇಳುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೆ ಈಗಲೇ ಹೇಳಿ ಇಟ್ಟಿದ್ದೇನೆ.

ಮೂರು ವರ್ಷದ ಹಿಂದೆ, ದಸರಾ ಮುಗಿದು ಎಂಟು ದಿನ ಆಗಿರಬೇಕು, ನನ್ನ ತಟ್ಟೆಯ ರೊಟ್ಟಿ ದಪ್ಪ ಆಗತೊಡಗಿತು. ಅಂಚು ಸೀಳಿರುತ್ತಿತ್ತು, ನಡುವೆ ಹಸಿ. ಬಟ್ಟೆಯಲ್ಲಿ ಕಟ್ಟಿಟ್ಟ ಮೊದಲ ರೊಟ್ಟಿಗಳು ಮಾತ್ರ ಹಾಳೆಯ ಹಾಗೆ ತೆಳ್ಳಗೆ. ನಾನು ಅದನ್ನು ಹಿಡಿದು ಚೇಷ್ಟೆ ಮಾಡಿದೆ.

“ಮಂದಿಗಿ ತೆಳ್ಳಂದು, ಗಂಡಗ ದಪ್ಪಂದು. ಮುದುಕ ಆದ ಅಂತ ಮರ್ಯಾದಿ ಕಡಿಮಿ ಆಯ್ತೇನು?”

“ಹಲ್ಲ ಗಟ್ಟಿ ಅದಾವೋ ಇಲ್ಲೋ ನೋಡಬೇಕಲ್ಲ, ಅದಕ್ಕ ಮಾಡೀನಿ,” ಅಂದಳು. “ಸುಮ್ನ ತಿನ್ನು.”

ಇಬ್ಬರೂ ನಕ್ಕೆವು. ಆಮೇಲೆ ದಿನವೂ ಅದೇ ಚೇಷ್ಟೆ. ಒಂದು ದಿನ ಆಕೆ ನಗಲಿಲ್ಲ. ಕೈ ಸೋಲುತ್ತದೆ, ಐವತ್ತು ರೊಟ್ಟಿ ದಾಟಿದ ಮೇಲೆ ಅಂಗೈ ಹಿಟ್ಟಿನ ಮೇಲೆ ಬೀಳುತ್ತದೆ ಹೊರತು ಬಡಿಯುವುದಿಲ್ಲ ಅಂದಳು. ಸಂಜೆಯಾದರೆ ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿರುತ್ತಿತ್ತು. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಕೊಡ ಹೊತ್ತು ನೀರು ತರುವಳು, ನಲ್ಲಿಯ ಹತ್ತಿರ ಸರದಿಗಾಗಿ ಜಗಳ ಆಡುವಳು. ನಮ್ಮ ಗಲ್ಲಿಯ ದವಾಖಾನೆಯ ಡಾಕ್ಟರು ಬೆಳಿಗ್ಗೆ ನೋಡಿ, ವಯಸ್ಸಾಯಿತು, ವೀಕ್‌ನೆಸ್ ಅದೆ ಎಂದು ಟಾನಿಕ್ ಬರೆದುಕೊಟ್ಟರು.

ಟಾನಿಕ್ ಬಾಟಲಿ ಎರಡಾದವು. ಆಗ ಹಿಟ್ಟಿನ ಗಿರಣಿಯವನು ಚನ್ನಬಸಯ್ಯನವರ ಹೆಸರು ಹೇಳಿದ.

ಚನ್ನಬಸಯ್ಯನವರು ಆ ಗಿರಣಿಯ ಮೇಲಿನ ಖೋಲಿಯಲ್ಲೇ ಇರುತ್ತಿದ್ದರು. ನಮ್ಮ ಕಡೆಯವರು, ಜಂಗಮರು. ನಾವು ಅಯ್ನೋರು ಅನ್ನುತ್ತಿದ್ದೆವು. ಮೊದಲು ಬಟ್ಟೆ ಮಿಲ್ಲಿನಲ್ಲಿ ಇದ್ದವರು. ಮಿಲ್ಲು ನಿಂತ ಮೇಲೆ ಕುತ್ತಿಗೆ ನೋವಿನಿಂದ ಹಾಸಿಗೆ ಹಿಡಿದಿದ್ದರಂತೆ. ಯಾರೋ ಒಬ್ಬರು ಅವರ ಕೈ ಒತ್ತಿ ನೋಡಿ, ಇಂಥಿಂಥದು ತಿನ್ನಬೇಡ ಎಂದು ಹೇಳಿ ಗುಣ ಮಾಡಿದರಂತೆ. ಆ ವಿದ್ಯೆಯನ್ನು ಇವರು ಬೋರಿವಲಿಯಲ್ಲಿ ಆರು ದಿನದ ಶಿಬಿರದಲ್ಲಿ ಕೂತು ಕಲಿತು ಬಂದಿದ್ದರು. ಗೋಡೆಗೆ ಸರ್ಟಿಫಿಕೇಟು ಇತ್ತು. ಒಳ್ಳೆಯ ಮನುಷ್ಯರು. ಯಾರನ್ನೂ ಗದರಿದ್ದು ನಾನು ನೋಡಿಲ್ಲ. ಆ ಮೆಟ್ಟಿಲು ಹತ್ತಿದವರಿಗೆ ಮೊದಲು ನೀರು ಕೊಟ್ಟು, ಕೂರಿಸಿ, ಆಮೇಲೆ ಮಾತು.

ಅವರ ಪರೀಕ್ಷೆ ಹೀಗಿತ್ತು. ಮಣೆಯ ಮೇಲೆ ಸಣ್ಣ ಗಾಜಿನ ಬಾಟಲಿಗಳ ಸಾಲು. ಒಂದರಲ್ಲಿ ಉಪ್ಪು, ಒಂದರಲ್ಲಿ ಗೋಧಿ, ಆಮೇಲೆ ಅಕ್ಕಿ, ಜೋಳ, ತೊಗರಿ, ಶೇಂಗಾ. ರೋಗಿ ಎಡಗೈಯಲ್ಲಿ ಬಾಟಲಿ ಹಿಡಿದು ಎದೆಗೆ ಒತ್ತಿಕೊಳ್ಳಬೇಕು. ಬಲಗೈಯನ್ನು ಭುಜದ ಮಟ್ಟಕ್ಕೆ ನೀಳವಾಗಿ ಚಾಚಬೇಕು. ಅಯ್ನೋರು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕೆಳಗೆ ಒತ್ತುವರು. ಕೈ ನಿಂತರೆ ಆ ಪದಾರ್ಥ ಮೈಗೆ ಒಗ್ಗುತ್ತದೆ. ಕೈ ಬಿದ್ದರೆ ಒಗ್ಗುವುದಿಲ್ಲ.

“ಬಾಯಿ ಸುಳ್ಳ ಹೇಳ್ತದ ತಾಯಿ, ಶರೀರ ಹೇಳಲ್ಲ,” ಅನ್ನುತ್ತಿದ್ದರು.

ನಾವು ಹೋದದ್ದು ಸಂಜೆ ಏಳಕ್ಕೆ, ಎಂಬತ್ತು ರೊಟ್ಟಿ ಮುಗಿಸಿ. ಉಪ್ಪಿಗೆ ಕೈ ನಿಂತಿತು. ಗೋಧಿಗೆ ನಿಂತಿತು. ಅಕ್ಕಿಗೆ ಸ್ವಲ್ಪ ನಡುಗಿ ನಿಂತಿತು. ಜೋಳದ ಬಾಟಲಿ ಹಿಡಿದಾಗ ಬಿತ್ತು. ತೊಗರಿಗೆ ಬಿತ್ತು, ಶೇಂಗಾಕ್ಕೂ ಬಿತ್ತು. ಸುಂದ್ರವ್ವ ತನ್ನ ಕೈಯನ್ನೇ ನೋಡುತ್ತ ಕೂತಳು. ಹುಟ್ಟಿದಾಗಿನಿಂದ ತಿಂದ ಜೋಳ, ಜೀವಮಾನವೆಲ್ಲ ಬಡಿದ ಜೋಳ. ತವರಿನವರು ತನ್ನ ಜೊತೆ ಮಾತು ಬಿಟ್ಟ ಹಾಗೆ ಆಯಿತು ಆಕೆಯ ಮುಖ.

ಅಯ್ನೋರು ಮೆತ್ತಗೆ ಹೇಳಿದರು, ಜೋಳ ಮುಟ್ಟುವುದೂ ಬೇಡ, ಅದರ ಧೂಳೂ ಬೇಡ. ಆರು ವಾರ ರೊಟ್ಟಿ ನಿಂತಿತು. ಸಂಜೆ ಬಂದವರು ಬಾಗಿಲಲ್ಲಿ ನಿಂತು ವಾಪಸು ಹೋದರು. ಮತ್ತೆ ನೋಡಿ, ಆಕೆ ಗುಣವಾದಳು. ರೆಪ್ಪೆ ನೆಟ್ಟಗಾಯಿತು, ಕೈ ಮೇಲೆತ್ತಿ ತಲೆ ಬಾಚಿಕೊಂಡಳು. ದಿನಾ ಎಂಬತ್ತು ರೊಟ್ಟಿ ಬಡಿಯುವುದು ನಿಂತರೆ ಯಾವ ಕೈಗಾದರೂ ಬಿಡುವು ಸಿಗುತ್ತದೆ ಎಂದು ಆಗ ನಮಗೆ ಹೊಳೆಯಲಿಲ್ಲ. ಕಾಯಿ, ಊದಿನಕಡ್ಡಿ ತೆಗೆದುಕೊಂಡು ಹೋಗಿ ಅಯ್ನೋರ ಕಾಲು ಮುಟ್ಟಿ ಬಂದೆವು. ಆ ಮೇಲೆ ಅವರು ಹೇಳಿದ್ದೇ ಮಾತು.

ಸಂಕ್ರಮಣದ ಹೊತ್ತಿಗೆ ಆಕೆಗೆ ಸುಮ್ಮನೆ ಕೂರಲಾಗಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿಯಲು ಕೂತಳು. ನೋಡಿದವರು ನಕ್ಕರು. ಹದಿನೈದು ದಿನದಲ್ಲಿ ಮತ್ತೆ ಮೊದಲಿನಂತೆ ಆಯಿತು, ಅದಕ್ಕಿಂತ ಹೆಚ್ಚೇ. ಊಟಕ್ಕೆ ಕೂತರೆ ನಾಲ್ಕು ತುತ್ತು ಆಗುತ್ತಲೇ ದವಡೆ ಸೋಲುತ್ತಿತ್ತು. ಎಡಗೈಯಿಂದ ಗದ್ದ ಎತ್ತಿ ಹಿಡಿದು ಅಗಿಯುತ್ತಿದ್ದಳು. ಮಾತು ಶುರುವಿನಲ್ಲಿ ಸರಿ, ಹತ್ತು ಮಾತು ಆದ ಮೇಲೆ ಮೂಗಿನಲ್ಲಿ ಬರುತ್ತಿತ್ತು. ಅಯ್ನೋರು ಮತ್ತೆ ಬಾಟಲಿ ಹಿಡಿಸಿದರು. ಈ ಸಲ ಗೋಧಿಗೂ ಬಿತ್ತು. ಊಟದಲ್ಲಿ ಅಕ್ಕಿಯ ಗಂಜಿ ಒಂದು ಉಳಿಯಿತು.

ಮಗಳು ಭುವನೇಶ್ವರಿಗೆ ಇದು ಮೊದಲಿನಿಂದ ಸರಿ ಬಂದಿರಲಿಲ್ಲ. ಅವಳು ಇಲ್ಲೇ ಹುಟ್ಟಿದವಳು, ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ, ಕನ್ನಡ ಮಾತಾಡುತ್ತ ಮಾತಾಡುತ್ತ ಹಿಂದಿಗೆ ಇಳಿಯುತ್ತಾಳೆ. ಫೆಬ್ರವರಿಯಲ್ಲಿ ಅವರವ್ವಗೆ ಜ್ವರ, ಕೆಮ್ಮು ಬಂದ ದಿನ ಕೆಲಸಕ್ಕೆ ಹೋಗದೆ ನನ್ನೆದುರು ನಿಂತಳು.

“ಯಪ್ಪಾ, ಕಲ್ ಸುಬಹ್ ದೊಡ್ಡ ಹಾಸ್ಪಿಟಲ್. ಬಸ್, ಅಷ್ಟೇ. ಇನ್ನ ಯಾರಿಗೂ ಕೇಳೂದಿಲ್ಲ.”

ಸುಂದ್ರವ್ವ ಹಾಸಿಗೆಯಿಂದಲೇ, ಅಯ್ನೋರನ್ನು ಒಂದು ಮಾತು ಕೇಳದೆ ಹೋಗುವುದು ಬೇಡ ಅಂದಳು. ಒಮ್ಮೆ ಗುಣ ಮಾಡಿದವರನ್ನು ದಾಟಿ ಹೋಗಬಾರದು ಎನ್ನುವುದು ಆಕೆಯ ಮಾತು. ನನಗೂ ಹಾಗೇ ಅನಿಸಿತು. ಭುವನಿ ಬಾಗಿಲು ದಬ್ಬಿ ಹೊರಗೆ ಹೋದಳು. ಅತ್ತಳೋ ಏನೋ, ನಾನು ಹಿಂದೆ ಹೋಗಿ ನೋಡಲಿಲ್ಲ.

ಗಿರಣಿಯ ಪಕ್ಕದ ಮೆಟ್ಟಿಲು ಹದಿನಾಲ್ಕು. ಆರನೆಯದರಲ್ಲಿ ಆಕೆ ಕೂತುಬಿಟ್ಟಳು. ಕೆಳಗೆ ಗಿರಣಿ ಓಡುತ್ತಿತ್ತು, ಮೆಟ್ಟಿಲು ನಡುಗುತ್ತಿತ್ತು, ಮೈಮೇಲೆಲ್ಲ ಹಿಟ್ಟಿನ ಧೂಳು. ಆಕೆ ನನ್ನ ತೋಳು ಹಿಡಿದು, ಉಸಿರು ಕೂಡಿಸಿಕೊಂಡು ಮಾತಾಡಿದಳು.

“ಭುವನಿ ಅಪ್ಪ, ನನಗ ಆಸ್ಪತ್ರಿ ಬ್ಯಾಡ. ನಮ್ಮ ಮಹಾದೇವಕ್ಕಗ ಮೂಗಿನ್ಯಾಗ ನಳಿಗಿ ಹಾಕಿ, ಕೈ ಮಂಚಕ್ಕ ಕಟ್ಟಿದ್ರು. ಹಂಗೇ ಹೋದಳು. ನೀ ಅಯ್ನೋರಿಗಿ ಹೇಳು, ಇಲ್ಲೇ ಆರಾಮ ಮಾಡ್ರಿ ಅಂತ.”

ಮಹಾದೇವಿ ಆಕೆಯ ಅಕ್ಕ. ಕಲಬುರಗಿಯಲ್ಲಿ ತೀರಿಕೊಂಡಾಗ ಸುಂದ್ರವ್ವ ಹತ್ತಿರವೇ ಇದ್ದಳು. ನಾನು ಹೂಂ ಅಂದೆ. ಹೂಂ ಅನ್ನದೆ ಏನು ಅನ್ನಲಿ? ಎತ್ತಿಕೊಂಡು ಉಳಿದ ಎಂಟು ಮೆಟ್ಟಿಲು ಹತ್ತಿದೆ. ನಾನು ಹೊತ್ತ ಯಾವ ಚೀಲವೂ ಅಷ್ಟು ಹಗುರ ಇರಲಿಲ್ಲ.

ಅಯ್ನೋರು ಆಕೆಯ ಕೈ ಚಾಚಿಸಲು ನೋಡಿದರು. ಕೈ ಭುಜದವರೆಗೆ ಬರಲೇ ಇಲ್ಲ. ಅವರ ಮುಖ ಸಣ್ಣದಾಯಿತು. ಇಂಥವರಿಗೆ ಇನ್ನೊಂದು ದಾರಿ ಇದೆ ಎಂದು ಹೇಳಿದರು. ರೋಗಿಯ ಕೈ ಏಳದಿದ್ದರೆ ರಕ್ತಸಂಬಂಧದವರೋ, ಗಂಡನೋ ಹೆಂಡತಿಯೋ ಆಕೆಯನ್ನು ಮುಟ್ಟಿಕೊಂಡು ಕೂರಬೇಕು. ಆಗ ಅವರ ಕೈಯನ್ನು ಒತ್ತಿ ನೋಡಬೇಕು. ಆ ಕೈ ಈಕೆಯ ಪರವಾಗಿ ಹೇಳುತ್ತದೆ.

ನಾನು ಎಡಗೈಯನ್ನು ಸುಂದ್ರವ್ವನ ಹೆಗಲ ಮೇಲಿಟ್ಟು ಬಲಗೈ ಚಾಚಿದೆ. ಹೊಸಬರನ್ನು ಒತ್ತುವ ಮೊದಲು ಅಯ್ನೋರು ಎರಡು ಮಾತು ಹೇಳಿಸುವ ಪದ್ಧತಿ ಇತ್ತು. ಒಮ್ಮೆ ನಿಜವಾದ ಹೆಸರು ಹೇಳಬೇಕು, ಆಗ ಕೈ ನಿಲ್ಲಬೇಕು. ಇನ್ನೊಮ್ಮೆ ಬೇರೆ ಯಾರದೋ ಹೆಸರನ್ನು ನನ್ನದೇ ಎಂದು ಹೇಳಬೇಕು, ಆಗ ಕೈ ಬೀಳಬೇಕು. ಸುಂದ್ರವ್ವನ ಕೈಯಿಂದ ಮೊದಲ ದಿನ ಎರಡೂ ಮಾಡಿಸಿದ್ದರು. ಆಕೆ ತನ್ನನ್ನು ಇಂದ್ರಾಬಾಯಿ ಎಂದು ಹೇಳಿಕೊಂಡು ನಾಚಿದ್ದಳು. ನನ್ನಿಂದ ಮೊದಲನೆಯದು ಮಾತ್ರ ಹೇಳಿಸಿದರು. ನಾನು, ನನ್ನ ಹೆಸರು ಸಾಯಬಣ್ಣ ಅಂದೆ. ಒತ್ತಿದರು. ಕೈ ಅಲುಗಲಿಲ್ಲ.

“ಇರ್ಲಿ,” ಅಂದರು. “ನಿನ್ನಂಥಾ ಹಿರೇ ಮನುಷ್ಯಾನ ಬಾಯಿಂದ, ಬಸವಣ್ಣನ ಫೋಟೋದ ಮುಂದ ಸುಳ್ಳ ಯಾಕ ಹೇಳಸೂದು.”

ನಾನು ಅವರಿಗಿಂತ ಹತ್ತು ವರ್ಷ ದೊಡ್ಡವನು. ಅದು ಅವರು ನನಗೆ ಕೊಟ್ಟ ಮರ್ಯಾದೆ.

ಆಮೇಲೆ ಕಣ್ಣು ಮುಚ್ಚಿ, ಈಕೆಗೆ ಇಲ್ಲೇ ಗುಣವಾಗುತ್ತದೆ ಎಂದು ಗಟ್ಟಿಯಾಗಿ ಹೇಳಿ ಒತ್ತಿದರು. ಮೊದಲು ಎರಡು ಬೆರಳು. ಆಮೇಲೆ ಪೂರ್ತಿ ಅಂಗೈ.

ಆ ಹೊತ್ತಿನಲ್ಲಿ ನನ್ನೊಳಗೆ ಏನಿತ್ತು ಎಂದು ಈ ಮೂರು ವರ್ಷ ಕೂತು ನೋಡಿದ್ದೇನೆ. ಮೆಟ್ಟಿಲ ಮೇಲೆ ಆಕೆ ಹೇಳಿದ ಮಾತು ಇತ್ತು. ಆಕೆ ಎಲ್ಲಿಗೂ ಹೋಗದೆ ಮನೆಯಲ್ಲೇ ಇರಲಿ ಎನ್ನುವ ಆಸೆ ಇತ್ತು. ಆ ಎರಡೂ ಇರದಿದ್ದರೂ ತೋಳು ಬೀಳುತ್ತಿರಲಿಲ್ಲವೇನೋ. ಮೇಲಿನಿಂದ ಒತ್ತಿದರು, ಅದು ಬಿಗಿಯಿತು. ಒಂದು ಮಾತ್ರ ಗೊತ್ತು, ಇದು ಹಮಾಲನ ಕೈ, ಇದು ಹೀಗೆಯೇ ಎಂದು ಅಯ್ನೋರಿಗೆ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಸುಂದ್ರವ್ವ ಪಕ್ಕದಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಹೇಳಲಿಲ್ಲ.

“ನೋಡು ತಾಯಿ, ಎಷ್ಟು ಗಟ್ಟಿ ಹೇಳ್ತದ,” ಅಂದರು ಅಯ್ನೋರು. ಅವರ ಹಣೆಯಲ್ಲಿ ಬೆವರಿತ್ತು. “ಎಂಟು ದಿನ ನೋಡೂಣು.”

ಆಸ್ಪತ್ರೆ ಬೇಕು ಎನ್ನುವ ಇನ್ನೊಂದು ಮಾತನ್ನೂ ಹೇಳಿ ಒತ್ತಿದ್ದರೆ ಅದಕ್ಕೂ ಕೈ ನಿಲ್ಲುತ್ತಿತ್ತು, ಆಗ ಅವರಿಗೇ ಸಂಶಯ ಬರುತ್ತಿತ್ತು. ಇಷ್ಟು ಗಟ್ಟಿ ಉತ್ತರ ಬಂದ ಮೇಲೆ ಅವರು ಅದನ್ನು ಕೇಳಲಿಲ್ಲ. ಮನೆಗೆ ಬಂದು ಭುವನಿಗೆ ಹೇಳಿದೆ, ಎಂಟು ದಿನ. ಅವಳು ನನ್ನ ಮುಖವನ್ನೇ ನೋಡಿದಳು. ಅಪ್ಪನ ಮಾತು ಮೀರಿ ನಡೆದವಳಲ್ಲ. ಆವತ್ತು ಮೀರಬೇಕಿತ್ತು.

ಐದನೆಯ ದಿನ ಮಧ್ಯಾಹ್ನ ಸುಂದ್ರವ್ವ ಕುಡಿದ ನೀರು ಮೂಗಿನಿಂದ ಬಂತು. ಉಸಿರು ಮೇಲುಮೇಲೆ ಓಡತೊಡಗಿತು. ಭುವನಿ ರಿಕ್ಷಾ ತಂದಳು. ಯಾರೂ ಯಾರನ್ನೂ ಕೇಳಲಿಲ್ಲ.

ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಒಬ್ಬರು ಸಣ್ಣ ವಯಸ್ಸಿನ ಡಾಕ್ಟರು ಬಂದರು. ನಾವು ಕನ್ನಡ ಮಾತಾಡುವುದು ಕೇಳಿ, ತಮ್ಮ ಹೆಸರು ಯಕ್ಷಿತಾ ಅಂದರು. ಅವರ ಅಜ್ಜ ಉಡುಪಿ ಕಡೆಯಿಂದ ಬಂದು ಫೋರ್ಟ್ ಪೇಟೆಯಲ್ಲಿ ಹೋಟೆಲು ನಡೆಸಿದವರಂತೆ. ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಅಷ್ಟಕ್ಕಷ್ಟೆ. ಒಂದೇ ಉಸಿರಿನಲ್ಲಿ ಒಂದರಿಂದ ಇಪ್ಪತ್ತು ಎಣಿಸಿ ಎಂದು ಸುಂದ್ರವ್ವಗೆ ಹೇಳಿದರು. ಏಳಕ್ಕೆ ಉಸಿರು ಮುಗಿಯಿತು. ಆಮೇಲೆ ರಬ್ಬರಿನ ಕೈಗವಸಿನಲ್ಲಿ ಐಸ್ ತುಂಬಿ ಆಕೆಯ ಮುಚ್ಚಿದ ರೆಪ್ಪೆಯ ಮೇಲೆ ಇಟ್ಟರು. ಎರಡು ನಿಮಿಷ ಬಿಟ್ಟು ತೆಗೆದಾಗ ಇಷ್ಟು ದಿನ ಇಳಿದೇ ಇದ್ದ ರೆಪ್ಪೆ ಎದ್ದಿತ್ತು. ಸುಂದ್ರವ್ವನ ಎರಡೂ ಕಣ್ಣು ನನ್ನನ್ನು ನೋಡಿದವು.

“ಅಂಕಲ್, ಇವರು ಮಾರ್ನಿಂಗ್ ಠೀಕ್, ಶಾಮ್‌ಗೆ ವೀಕ್, ಹಾಗಾ?”

ನಾನು ರೊಟ್ಟಿಯ ವಿಷಯ ಹೇಳಿದೆ. ಬೇರೆ ಹೇಗೆ ಹೇಳಬೇಕೋ ಗೊತ್ತಿರಲಿಲ್ಲ. ಮೊದಲಿನ ರೊಟ್ಟಿ ತೆಳ್ಳಗೆ, ಐವತ್ತು ದಾಟಿದ ಮೇಲೆ ದಪ್ಪ, ಕಡೆಯದು ಹಸಿ. ದಸರಾದಿಂದ ಹೀಗೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

“ಅಂಕಲ್, ನಿಮಗೆ ಗೊತ್ತಿತ್ತಲ್ಲ. ಇದೇ ಬಿಮಾರಿ. ಕೆಲಸ ಮಾಡ್ತಾ ಮಾಡ್ತಾ ಮಸಲ್ ಸೋಲ್ತದೆ, ರೆಸ್ಟ್ ಸಿಕ್ಕಿದ್ರೆ ವಾಪಸ್ ಬರ್ತದೆ. ಯಾವ ಡಾಕ್ಟರಿಗೂ ಈ ರೊಟ್ಟಿ ಮಾತು ಹೇಳ್ಲಿಲ್ವಾ?”

ಅವರು ಬೈಯಲಿಲ್ಲ. ಕೇಳಿದರು, ಅಷ್ಟೆ. ಈ ರೋಗಕ್ಕೆ ಗುಳಿಗೆ ಇದೆ, ವರ್ಷಗಟ್ಟಲೆ ಬದುಕಿದವರಿದ್ದಾರೆ ಎಂದೂ ಹೇಳಿದರು. ಜೋಳಕ್ಕೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಆದರೆ ಉಸಿರಿನ ಸ್ನಾಯುವೂ ಸೋತಿದೆ, ನುಂಗಿದ ಗಂಜಿ ಶ್ವಾಸಕೋಶಕ್ಕೆ ಇಳಿದಿದೆ, ಈಗಲೇ ಮೆಷಿನ್ನಿಗೆ ಹಾಕಬೇಕು ಅಂದರು. ಆಕೆ ಹೆದರಿದ್ದ ನಳಿಗೆಯನ್ನೇ ಹಾಕಿದರು. ಕೈ ಮಾತ್ರ ಕಟ್ಟಬೇಡಿರೆಂದು ನಾನು ಕೇಳಿಕೊಂಡೆ. ಕಟ್ಟಲಿಲ್ಲ. ಕಟ್ಟಿಹಾಕಬೇಕಾದಷ್ಟು ಬಲ ಆ ಕೈಯಲ್ಲಿ ಇರಲಿಲ್ಲ.

ಆರು ದಿನ ಮೆಷಿನ್ನು. ಮೂಗಿನ ನಳಿಗೆಯಿಂದಲೇ ಗುಳಿಗೆ. ಏಳನೆಯ ದಿನ ಗಂಟಲಿನ ನಳಿಗೆ ತೆಗೆದರು, ಮರುದಿನ ಆಕೆ ದಿಂಬಿಗೆ ಒರಗಿ ಕೂತಿದ್ದಳು. ರೆಪ್ಪೆ ನೆಟ್ಟಗಿತ್ತು. ಯಕ್ಷಿತಾ ಡಾಕ್ಟರು ಬಂದು ಕೈ ಚಾಚಿ ಅಂದರು. ಆಕೆ ಚಾಚಿದಳು. ಡಾಕ್ಟರು ಮೇಲಿನಿಂದ ಒತ್ತಿ, “ಬೀಳಕ್ಕೆ ಬಿಡ್ಬೇಡಿ ಆಂಟಿ,” ಅಂದರು. ಕೈ ನಿಂತಿತು.

ಸುಂದ್ರವ್ವ ನನ್ನ ಕಡೆ ತಿರುಗಿ, ಒಡೆದ ದನಿಯಲ್ಲಿ, “ಇವ್ರೂ ಅಯ್ನೋರಂಗೇ ಮಾಡ್ತಾರಲ್ಲ. ಬಾಟ್ಲಿ ಎಲ್ಲಿ?” ಅಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಒಂದು ವ್ಯತ್ಯಾಸ ಇತ್ತು. ಇವರು ಒಮ್ಮೆ ಒತ್ತಿ ಬಿಡಲಿಲ್ಲ. ಇಪ್ಪತ್ತು ಸಲ ಕೈ ಮೇಲೆ ಕೆಳಗೆ ಮಾಡಿಸಿ, ದಣಿಸಿ, ಮತ್ತೆ ಒತ್ತಿದರು. ಎರಡನೆಯ ಸಲ ಕೈ ಸ್ವಲ್ಪ ಇಳಿಯಿತು. ಆ ಎರಡರ ನಡುವಿನ ಅಂತರದಲ್ಲೇ ಅವರಿಗೆ ಬೇಕಾದದ್ದು ಇತ್ತು. ನನ್ನ ತಟ್ಟೆಯಲ್ಲಿ ದಸರಾದಿಂದ ಬಿದ್ದಿದ್ದದ್ದೂ ಅದೇ.

ಡಾಕ್ಟರು ಹೋದ ಮೇಲೆ ಸುಂದ್ರವ್ವ ನನ್ನ ಬೆರಳು ಹಿಡಿದುಕೊಂಡಳು. ಹಿಡಿತದಲ್ಲಿ ಬಿಗಿ ಇತ್ತು.

“ಆವತ್ತ ನೀ ಕೈ ಬೀಳಗೊಡಲಿಲ್ಲ ನೋಡು,” ಅಂದಳು. “ನಾ ಹೇಳಿದ್ದು ಕೇಳಿದಿ. ಐದು ದಿನಾ ಮನಿಯಾಗ ಇದ್ದೆ.”

ಆಕೆ ಅದನ್ನು ಉಪಕಾರ ಎಂದು ನೆನೆಯುತ್ತಿದ್ದಳು. ನಾನು ಆಕೆಯ ಹಣೆಯ ಕೂದಲು ಹಿಂದೆ ಸರಿಸಿದೆ. ಆಕೆ, ಸಂಜೆಯ ಮಂದಿಗೆ ರೊಟ್ಟಿ ಯಾರು ಕೊಡುತ್ತಿದ್ದಾರೆ ಎಂದು ಕೇಳಿದಳು. ಭುವನಿ ಬಡಿಯುತ್ತಾಳೆ ಎಂದು ಸುಳ್ಳು ಹೇಳಿದೆ. ಅವಳು ಹಿಟ್ಟಿಗೆ ಕುದಿಯುವ ನೀರು ಹಾಕುತ್ತಾಳೋ ಇಲ್ಲವೋ ಎಂದು ಕೇಳಿದಳು. ಹಾಕುತ್ತಾಳೆ ಅಂದೆ.

ಶ್ವಾಸಕೋಶಕ್ಕೆ ಇಳಿದದ್ದು ಬಿಡಲಿಲ್ಲ. ಜ್ವರ ಮತ್ತೆ ಏರಿತು, ಮತ್ತೆ ಮೆಷಿನ್ನು. ಹನ್ನೊಂದನೆಯ ದಿನ ಮಧ್ಯಾಹ್ನ ಮೂರರ ಮೇಲೆ, ಒಲೆ ಹೊತ್ತಿಸುವ ಹೊತ್ತಿಗೆ, ಸುಂದ್ರವ್ವ ಹೋದಳು. ಕೈ ಬಿಚ್ಚಿಯೇ ಇತ್ತು.

ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ನಾನು ಯಕ್ಷಿತಾ ಡಾಕ್ಟರನ್ನು ಕೇಳಿದೆ, ಆ ಜ್ವರ ಬಂದ ದಿನವೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು. ಅವರು ನೆಲ ನೋಡಿದರು.

“ಚಾನ್ಸ್ ಇತ್ತು ಅಂಕಲ್. ಜಾಸ್ತಿ ಚಾನ್ಸ್ ಇತ್ತು.”

ಕೇಳಬಾರದಿತ್ತು ಎಂದು ಜನ ಹೇಳುತ್ತಾರೆ. ನನಗೆ ಕೇಳಿದ್ದು ಸರಿ ಅನಿಸುತ್ತದೆ. ಗೊತ್ತಿಲ್ಲದೆ ಹೊರುವುದಕ್ಕಿಂತ ತೂಕ ಗೊತ್ತಿದ್ದು ಹೊರುವುದು ಮೇಲು. ಹಮಾಲಿಯಲ್ಲಿಯೂ ಅಷ್ಟೆ.

ಚನ್ನಬಸಯ್ಯನವರು ಮಣ್ಣಿಗೆ ಬಂದಿದ್ದರು. ದೂರ ನಿಂತು, ಯಾರ ಜೊತೆಗೂ ಮಾತಾಡದೆ ಹೋದರು. ಭುವನಿ ಅವರನ್ನು ನೋಡಿ ಹಲ್ಲು ಕಚ್ಚಿದಳು. ಪೊಲೀಸಿಗೆ ಹೇಳೋಣ, ಗೋಡೆಯ ಸರ್ಟಿಫಿಕೇಟು ಕೀಳಿಸೋಣ ಎಂದು ಮನೆಯಲ್ಲಿ ಒಂದು ವಾರ ಹೇಳಿದಳು. ನಾನು ಬೇಡ ಅಂದೆ. ಅವಳಿಗೆ ಅದು ನನ್ನ ಮೆತ್ತನೆಯ ಸ್ವಭಾವ ಅನಿಸಿರಬೇಕು. ಕಾರಣ ಬೇರೆ ಇತ್ತು. ಆ ಖೋಲಿಯಲ್ಲಿ ಉತ್ತರ ಹೇಳಿದ್ದು ನನ್ನ ಕೈ.

ಹದಿಮೂರನೆಯ ದಿನ ಕಳೆದು ನಾನು ಗಿರಣಿಯ ಮೆಟ್ಟಿಲು ಹತ್ತಿದೆ. ಅಯ್ನೋರು ಒಬ್ಬರೇ ಇದ್ದರು. ಎಂದಿನಂತೆ ನೀರು ಕೊಟ್ಟರು. ಬೈದುಬಿಡು ಸಾಯಬಣ್ಣ, ಹೊಡಿ ಬೇಕಾದರೆ, ಸುಮ್ಮನೆ ಕೂಡಬೇಡ ಎಂದು ಹೇಳಿದರು. ಹೊಡೆಯಲು ಬಂದಿಲ್ಲ, ಒಂದು ಸಲ ನನ್ನ ಕೈ ನೋಡಿರಿ ಎಂದು ನಾನು ಬಲಗೈ ಚಾಚಿದೆ. ಎಡಗೈಯನ್ನು ಪಕ್ಕದ ಖಾಲಿ ಜಾಗದಲ್ಲಿ, ಆವತ್ತು ಆಕೆ ಕೂತಿದ್ದಲ್ಲಿ ಇಟ್ಟೆ.

“ಸುಂದ್ರವ್ವ ಜೀವಂತ ಇದ್ದಾಳ ಅಂತ ಹೇಳ್ರಿ ಅಯ್ನೋರ. ಹೇಳಿ ಒತ್ರಿ.”

ಅವರು ಬೇಡ ಬೇಡ ಅಂದರು. ನಾನು ಕೈ ಇಳಿಸಲಿಲ್ಲ. ಕೆಳಗೆ ಗಿರಣಿ ಯಾರದೋ ಜೋಳ ಬೀಸುತ್ತಿತ್ತು. ಕಡೆಗೆ ಅವರು ಎದ್ದು ಬಂದು, ಬಾಯಿಯೊಳಗೇ ಆ ಮಾತು ಹೇಳಿ, ಎರಡು ಬೆರಳಿಟ್ಟು ಒತ್ತಿದರು. ಆಮೇಲೆ ಅಂಗೈಯಿಂದ ಒತ್ತಿದರು. ಆಮೇಲೆ ಎರಡೂ ಕೈ ಹಾಕಿ, ಮೈಯ ಭಾರವನ್ನೆಲ್ಲ ಬಿಟ್ಟು ಜೋತುಬಿದ್ದು ಒತ್ತಿದರು. ನಾನು ಸುಳ್ಳು ಹೇಳುವುದಿಲ್ಲ, ಆವತ್ತು ನಾನು ಅದನ್ನು ಬೀಳಿಸಲು ಮನಸ್ಸು ಮಾಡಿದ್ದೆ. ಬೀಳು, ಒಮ್ಮೆ ಬೀಳು ಎಂದುಕೊಂಡೆ. ಅದು ಬೀಳಲಿಲ್ಲ. ಸುಂದ್ರವ್ವ ಜೀವಂತ ಇದ್ದಾಳೆ ಎಂದೇ ಆ ತೋಳು ಹೇಳುತ್ತ ನಿಂತಿತು.

ಅಯ್ನೋರು ಅದನ್ನು ಬಿಟ್ಟು ನೆಲದ ಮೇಲೆ ಕೂತರು.

“ಆವತ್ತ ಒಂದು ಸುಳ್ಳು ಹೆಸರು ಹೇಳಿಸಿದ್ದರ ನನಗ ಗೊತ್ತಾಗ್ತಿತ್ತು,” ಅಂದರು.

“ನನಗ ಗೊತ್ತಿತ್ತು ಅಯ್ನೋರ,” ಅಂದೆ. “ನಾನೂ ಹೇಳಲಿಲ್ಲ.”

ಅವರು ಬಾಟಲಿಗಳನ್ನು ಒಂದೊಂದಾಗಿ ಒಂದು ಚೀಲಕ್ಕೆ ಹಾಕಿದರು. ನಾನು ನೋಡುತ್ತ ಕೂತೆ. ಮುಂದಿನ ತಿಂಗಳು ಊರಿಗೆ ಹೋದರೆಂದು ಗಿರಣಿಯವನು ಹೇಳಿದ. ಅಲ್ಲಿ ಏನು ಮಾಡುತ್ತಾರೋ ಗೊತ್ತಿಲ್ಲ. ಆ ಖೋಲಿಯಲ್ಲಿ ಈಗ ಮೊಬೈಲು ರಿಪೇರಿ ಮಾಡುವವನು ಇದ್ದಾನೆ.

ಭುವನಿ ಪ್ಯಾಕಿಂಗ್ ಕಂಪನಿ ಬಿಟ್ಟು ಈಗ ರೊಟ್ಟಿ ಬಡಿಯುತ್ತಾಳೆ. ಮೊದಮೊದಲು ನಕಾಶೆಯ ಹಾಗೆ ಆಗುತ್ತಿದ್ದವು, ಈಗ ಕೈ ಕೂತಿದೆ. ಸಂಜೆಯ ಮಂದಿ ಮತ್ತೆ ಬರುತ್ತಾರೆ. ನನಗೆ ವಯಸ್ಸಾಯಿತೆಂದು ಅವಳು ಮೊದಲು ಬಿಸಿ ರೊಟ್ಟಿ ಹಾಕಲು ಬರುತ್ತಾಳೆ. ನಾನು ಬೇಡವೆಂದು ಕೂರುತ್ತೇನೆ. ಎಲ್ಲ ಮುಗಿಯಲಿ, ಕಡೆಯದು ಕೊಡು ಎನ್ನುತ್ತೇನೆ. ಅವ್ವನ ಕಾಲದ ರೂಢಿ ಎಂದು ಅವಳು ತಿಳಿದಿದ್ದಾಳೆ. ಮೆಟ್ಟಿಲ ಮೇಲಿನ ಮಾತನ್ನೂ, ನನ್ನ ಕೈಯ ಮಾತನ್ನೂ ಅವಳಿಗೆ ಇನ್ನೂ ಹೇಳಿಲ್ಲ. ಹೇಳಬೇಕು.

ನಿನ್ನೆಯೂ ಹಾಗೇ. ಆರು ಗಂಟೆಗೆ ಬಟ್ಟೆಯ ಗಂಟಿನಿಂದ ಮೊದಲಿನದೊಂದು ತೆಗೆದು, ಕಡೆಯದರ ಪಕ್ಕ ಇಟ್ಟು, ಎರಡರ ಅಂಚನ್ನೂ ಬೆರಳಿನಿಂದ ಸವರಿ ನೋಡಿದೆ.

“ಏನ್ ದೇಖ್ತಿ ಯಪ್ಪಾ ದಿನಾ?” ಅಂದಳು. “ಚೆಕಿಂಗ್ ಮಾಡ್ತೀಯಾ?”

ಹೌದು ಅಂದೆ. ಎರಡೂ ಒಂದೇ ಸಮ ಇದ್ದವು, ತೆಳ್ಳಗೆ. ಮೊದಲಿನದನ್ನು ಗಂಟಿಗೆ ವಾಪಸು ಇಟ್ಟು, ಕಡೆಯದನ್ನು ಮುರಿದೆ.